‘ಒಂದು ಅಧ್ಯಯನ’ಕ್ಕೂ ಮೊದಲು

ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದಾಗ ನಾನು ಬರೆದುಕೊಟ್ಟ ಮೊದಲ ಶೀರ್ಷಿಕೆ ‘ಆನಂದರ ಕಥೆಗಳು: ಒಂದು ಅಧ್ಯಯನ’. ‘ಆನಂದ’ ಕಾವ್ಯನಾಮದ ಅಜ್ಜಂಪುರ ಸೀತಾರಾಂ (1902–1963) ಹೆಸರಿನಲ್ಲೇ ನಮ್ಮೂರನ್ನು ಹೊತ್ತವರು. ನನಗೆ ಅಷ್ಟೇ ಸಾಕಾಗಿತ್ತು. ಮಾರ್ಗದರ್ಶಕರು ಹಾಳೆ ಹಿಂದಿರುಗಿಸಿದರು: “ಊರಿನ ಅಭಿಮಾನ ಸರಿಯಪ್ಪ, ನಿನ್ನ ಪ್ರಶ್ನೆ ಏನು?” ನನ್ನಲ್ಲಿ ಉತ್ತರವಿರಲಿಲ್ಲ.

ಲೇಖಕರ ಹೆಸರಿಗೆ ‘ಒಂದು ಅಧ್ಯಯನ’ ಅಂಟಿಸಿದರೆ ಆಕರ ಸಿಕ್ಕೀತು, ವಿಷಯ ಸಿಗದು. ಪಕ್ಕದ ಚನ್ನಗಿರಿ ಸೀಮೆಯ ಹಿರೇಕೋಗಲೂರಿನ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ನೋಡಿ. ಅಲ್ಲಿಯೂ ‘ಅಧ್ಯಯನ’ವಿದೆ; ಆದರೆ ಭಾರ ಹೊತ್ತಿರುವುದು ‘ಸಾಂಸ್ಕೃತಿಕ’ ಎಂಬ ಪದ. ಹೆಚ್ಚಾಗಿ ರಾಜವಂಶ, ಕಾಲನಿರ್ಣಯಗಳಿಗೆ ಒದಗುತ್ತಿದ್ದ ಕಲ್ಲುಗಳನ್ನು ಅವರು ಬೇರೊಂದು ಮಾತು ಕೇಳಿದರು: ಜನ ಹೇಗೆ ಬದುಕಿದರು, ಏನನ್ನು ನಂಬಿದರು, ಯಾವುದಕ್ಕಾಗಿ ಪ್ರಾಣ ಕೊಟ್ಟರು? ಕ್ರಿ.ಶ. 450ರಿಂದ 1150ರವರೆಗೆ ಎಂದು ಗಡಿಯನ್ನೂ ಹಾಕಿಕೊಂಡರು. ಆಕರ ಹಳೆಯದು, ಪ್ರಶ್ನೆ ಹೊಸದು.

ಆ ಪಾಠದೊಂದಿಗೆ ಆನಂದರ ‘ನಾನು ಕೊಂದ ಹುಡುಗಿ’ಗೆ ಮರಳಿದೆ. ಈ ಕಥೆಯನ್ನು ಬಸವಿ ಪದ್ಧತಿಯ ಖಂಡನೆಯೆಂದು ಓದುವುದು ಸುಲಭ. ಆದರೆ ಶೀರ್ಷಿಕೆಯ ‘ನಾನು’ ಆ ಓದಿಗೆ ಅಡ್ಡ ನಿಲ್ಲುತ್ತದೆ. ಹಳ್ಳಿಮನೆಗೆ ಅತಿಥಿಯಾಗಿ ಬಂದ ವಿದ್ಯಾವಂತ, ಆ ಮನೆಯ ಮಗಳು ಚೆನ್ನಿ ದೇವರಿಗೆ ಬಿಟ್ಟವಳೆಂದು ತಿಳಿದು, ಅವಳ ಬದುಕು ತಪ್ಪೆಂದು ಮನಗಾಣಿಸುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಇದುವರೆಗೆ ನಂಬಿದ್ದು ಕುಸಿದ ಮೇಲೆ ನಾಳೆಯಿಂದ ಅವಳು ಹೇಗೆ ಬದುಕಬೇಕು ಎಂಬುದು ಅವನಿಗೆ ಹೊಳೆಯುವುದೇ ಇಲ್ಲ. ಬೆಳಗಾಗುವಷ್ಟರಲ್ಲಿ ಅವಳಿಲ್ಲ.

ಸಂಶೋಧನೆಗೆ ಹೊರಟವನಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ? ನಾವೂ ಒಬ್ಬರ ಮನೆಯ ಜಗಲಿಯಲ್ಲಿ ಕೂತು, ಅವರ ಊಟ ಉಂಡು, ತೀರ್ಮಾನವನ್ನು ಮಾತ್ರ ನಮ್ಮ ಚೀಲದಲ್ಲೇ ತಂದಿರುತ್ತೇವೆ. ‘ಬಸವಿ ಪದ್ಧತಿ: ಒಂದು ಸಾಮಾಜಿಕ ಪಿಡುಗು’ ಎಂದು ಶೀರ್ಷಿಕೆಯಿಟ್ಟರೆ ಕೊನೆಯ ಅಧ್ಯಾಯ ಅಂದೇ ಬರೆದಾಯಿತು; ಮಿಕ್ಕದ್ದು ಪುಟ ತುಂಬಿಸುವ ಕೆಲಸ.

ಎರಡನೇ ಹಾಳೆಯಲ್ಲಿ ನಾನು ಶೀರ್ಷಿಕೆ ಬರೆಯಲಿಲ್ಲ, ಒಂದು ಪ್ರಶ್ನೆ ಬರೆದೆ: ನವೋದಯದ ಸಣ್ಣಕಥೆಗಳಲ್ಲಿ ಹಳ್ಳಿಗೆ ಬರುವ ವಿದ್ಯಾವಂತರು ಯಾರ ಮಾತನ್ನು ಕೇಳಿಸಿಕೊಳ್ಳುತ್ತಾರೆ, ಯಾರದನ್ನು ಇಲ್ಲ? ಮಾರ್ಗದರ್ಶಕರು ಈ ಸಲ ಹಾಳೆಯನ್ನು ಇಟ್ಟುಕೊಂಡರು. ಉತ್ತರ ನನಗಿನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅದು ವಿಷಯ.