ಮಾತೃಮಂದಿರದ ಉಪಾಧ್ಯಾಯಿನಿ

ನಂಜನಗೂಡು ತಿರುಮಲಾಂಬಾ (1887–1982) ಅವರನ್ನು ಕುರಿತು ಬರೆದವರಲ್ಲಿ ಅನೇಕರು ಅವರನ್ನು ಆದ್ಯ ಲೇಖಕಿಯರ ಸಾಲಿನಲ್ಲಿ ಕೂಡಿಸಿ, ಅವರ ಕೃತಿಗಳು ನೀತಿಬೋಧೆಯ ಭಾರದಿಂದ ಬಾಗಿವೆಯೆಂದು ಹೇಳಿ ಮುಂದೆ ಸಾಗುತ್ತಾರೆ. ಈ ತೀರ್ಪು ಸುಳ್ಳಲ್ಲವಾದರೂ ಅರ್ಧ ಮಾತ್ರ ನಿಜ. ಕಾದಂಬರಿಕಾರ್ತಿಯನ್ನು ಅಳೆಯುವ ಭರದಲ್ಲಿ ಉಪಾಧ್ಯಾಯಿನಿಯನ್ನು ಮರೆತದ್ದೇ ಇದಕ್ಕೆ ಕಾರಣ.

ಹತ್ತನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕರಲ್ಲಿ ವೈಧವ್ಯ. ವಕೀಲರಾಗಿದ್ದ ತಂದೆ ಮಗಳ ಓದಿಗೆ ಆಸರೆಯಾದರು. ಪಡೆದ ವಿದ್ಯೆಯನ್ನು ಆಕೆ ತಮ್ಮಲ್ಲೇ ಇರಿಸಿಕೊಳ್ಳಲಿಲ್ಲ. ಮನೆಯಲ್ಲಿಯೇ ‘ಮಾತೃಮಂದಿರ’ವನ್ನು ತೆರೆದು ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ಯನ್ನು ಪ್ರಕಟಿಸಿದರು, ಬಳಿಕ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ಹೊರಡಿಸಿದರು. ಇವೆಲ್ಲವನ್ನೂ ಒಂದೇ ಪಾಠಶಾಲೆಯ ತರಗತಿಗಳೆಂದು ಓದುವುದು ಯುಕ್ತ. ಶಾಲೆಯ ಹೊಸ್ತಿಲನ್ನೇ ಕಾಣದ ಗೃಹಿಣಿಗೆ ಆ ಕಥೆಗಳೇ ಪಠ್ಯಪುಸ್ತಕ. ಹೇಳಿದ್ದನ್ನೇ ಮತ್ತೆ ಹೇಳುವುದು ಕಾದಂಬರಿಗೆ ದೋಷವಾದೀತು. ಪಾಠಕ್ಕೆ ಅದು ಬೇಕೇ ಬೇಕು.

ಆದರೂ ಒಂದು ಮಾತು. ಗ್ರಂಥಮಾಲೆಯ ಹೆಸರೇ ಸೂಚಿಸುವಂತೆ ಅಲ್ಲಿ ಹೆಣ್ಣು ಮೊದಲು ‘ಸತಿ’. ಕೌಶಿಕನ ಅರಮನೆಯನ್ನೇ ತೊರೆದು ನಡೆದ ಅಕ್ಕಮಹಾದೇವಿಯ ವಚನಗಳನ್ನು ಬಲ್ಲವರಿಗೆ ಈ ಆವರಣ ಇಕ್ಕಟ್ಟೆನಿಸದಿರದು. ಆದರೆ ಹೊರನಡೆಯುವ ದಾರಿಯಿಲ್ಲದ ಬಾಲವಿಧವೆಯೊಬ್ಬಳು ಅದೇ ಮನೆಯ ಬಾಗಿಲನ್ನು ಇತರ ಹುಡುಗಿಯರಿಗೆ ತೆರೆದಳೆಂಬುದನ್ನು ವಿಮರ್ಶೆ ಲೆಕ್ಕಕ್ಕೆ ಹಿಡಿಯಲಿಲ್ಲ.

ಮದರಾಸಿನಲ್ಲಿ ನೆಲೆಸಿದ್ದ ಅವರನ್ನು ಕನ್ನಡ ಸಾಹಿತ್ಯಲೋಕ ಬಹುಮಟ್ಟಿಗೆ ಮರೆತೇಬಿಟ್ಟಿತ್ತು. ಇಳಿವಯಸ್ಸಿನಲ್ಲಿ ಅವರನ್ನು ಹುಡುಕಿಕೊಂಡು ಹೋಗಿ ಕಂಡವರು ಚಿ.ನ. ಮಂಗಳಾ, ಅವರೂ ಅಧ್ಯಾಪಕಿಯೇ.