ದೂತಿಯ ಮಾತು ಕತ್ತರಿಸಬ್ಯಾಡ್ರಿ

ಶ್ರೀಕೃಷ್ಣ ಪಾರಿಜಾತ ನೋಡಾಕ ಒಬ್ಬನೇ ಹೋಗಬಾರದು. ನಾಕ ಮಂದಿ ಗೆಳೆಯರು ಬೇಕು, ರೊಟ್ಟಿ ಬುತ್ತಿ ಬೇಕು, ಬೆಳತನಕ ಕೂಡ್ರುವ ತಾಳ್ಮಿ ಬೇಕು.

ಕುಲಗೋಡ ತಮ್ಮಣ್ಣ ಬೆಳೆಸಿದ ಈ ಆಟದ ಕಥಿ ಎಲ್ಲರಿಗೂ ಗೊತ್ತು. ನಾರದ ತಂದ ಹೂವು ಕೃಷ್ಣ ರುಕ್ಮಿಣಿಗೆ ಕೊಡ್ತಾನ, ಸತ್ಯಭಾಮೆ ಮುನಿಸಿಕೊಳ್ತಾಳ. ಗೊತ್ತಿದ್ದ ಕಥಿಗೆ ರಾತ್ರಿಯೆಲ್ಲ ಯಾಕ ಕೂಡ್ತೀವಿ? ಭಾಗವತ ಮತ್ತು ದೂತಿಯ ಮಾತಿಗೆ. ಅವರು ಬಾಯಿ ತೆರೆದರ ದ್ವಾರಕೆಯ ಜಗಳ ನಮ್ಮ ಓಣಿಯ ಜಗಳ ಆಗ್ತದ. ಆ ಮಾತು ಮುಂದ ಕುಂತವರ ಮಾರಿ ನೋಡಿ ಹುಟ್ಟತದ.

ಈಗ ಸಮಾರಂಭಗಳೊಳಗ ಒಂದ ತಾಸಿನ ಪಾರಿಜಾತ ಆಡಸ್ತಾರ. ಹಾಡು ಇಟ್ಟು ಮಾತು ಕತ್ತರಸ್ತಾರ. ಹಾಡು ಚಲೋ ಇರ್ತಾವ, ಸುಳ್ಳು ಹೇಳಬಾರದು. ಆದರ ನಾನೂ ಹಾಡಾವ. ನಡುವ ಮಾತಿಲ್ಲದ ಹಾಡಿನ ಮ್ಯಾಲ ಹಾಡು ಬಂದ್ರ ಕಿವಿ ದಣೀತದ, ಭಾಮೆಯ ಸಿಟ್ಟು ಯಾಕಂತ ತಿಳಿಯೂದಿಲ್ಲ.

“ನಮ್ಮ ವಳಸಂಗದ ಹುಡುಗರು ಮರಾಠಿ ಸಾಲಿ ಕಲಿತವರು, ಈ ಮಾತು ಅವರಿಗೇನು ತಿಳೀತದ?” ಅಂತಾರ. ಕರ್ಕಿಯ ಭಾಗವತರು ಸಾಂಗಲಿಗೆ ಬಂದು ಕನ್ನಡ ಆಟ ಆಡಿದರು. ಅದನ್ನ ನೋಡಿದ ಮ್ಯಾಲೇ 1843ರಲ್ಲಿ ವಿಷ್ಣುದಾಸ ಭಾವೆ ಮರಾಠಿಯೊಳಗ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ಮಂದಿಗೆ ಅಂದು ಮುಟ್ಟಿದ್ದು, ಮನಿಯೊಳಗ ಕನ್ನಡ ಆಡುವ ನಮ್ಮ ಹುಡುಗರಿಗೆ ಮುಟ್ಟೂದಿಲ್ಲೇನು?

ಮಾಸ್ತರರೇ, ಮುಂದಿನ ಸಲ ನಾವು ಗೆಳೆಯರು ಹೊಂಟಾಗ ಇಬ್ಬರು ಹುಡುಗರನ್ನ ಕೂಡಿಸಿ ಕಳಸ್ರಿ. ಹಾಡು ಮೊಬೈಲಿನೊಳಗ ಸಿಗ್ತದ. ದೂತಿಗೆ ನಗೂ ಮಂದಿ ಎದುರಿಗೇ ಕುಂತಿರಬೇಕು.