ಪಂಪು ಕೊನೆಗೆ ಕೊಳ್ಳಿ

ಪಂಪಿನ ಅಂಗಡಿ ಹೊಕ್ಕ ನಮ್ಮ ಕಡೆಯ ರೈತ ಮೊದಲು ಕೇಳುವುದು, "ಎಷ್ಟ ಎಚ್‌ಪಿದ ಐತ್ರಿ ಇದು?" ಬಾವಿಗೆ, ಕೆನಾಲಿಗೆ, ಹೊಳೆಯ ದಂಡೆಗೆ ಈ ಪ್ರಶ್ನೆ ತಕ್ಕದ್ದೇ. ಬೆಂಕಿ ಆರಿಸುವ ಗಾಡಿಗೆ ಪಂಪು ಕೊಳ್ಳಲು ಹೊರಟವರೂ ಅದನ್ನೇ ಕೇಳಿದರೆ ಮಾತ್ರ ದುಡ್ಡು ನೀರಿಗೆ ಹೋಯಿತೆಂದೇ ಲೆಕ್ಕ.

ಹುಕ್ಕೇರಿ ತಾಲೂಕಿನ ದಡ್ಡಿ ಸೀಮೆಯ ಕೆಲವು ತರುಣರು ಟ್ರ್ಯಾಕ್ಟರ್ ಟ್ಯಾಂಕರ್ ಒಂದನ್ನು ಬೆಂಕಿಯ ಗಾಡಿ ಮಾಡುವ ಹುಮ್ಮಸ್ಸಿನಲ್ಲಿದ್ದಾರೆ. "ಕಾಕಾ, ಟ್ಯಾಂಕರ್ ಐತಿ, ಹುಡುಗ್ರು ಅದಾರ. ಪಂಪ್ ಅಷ್ಟ ಯಾವುದು ಅಂತ ಹೇಳ್ರಿ" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸುತ್ತೇನೆ.

ಅವರ ಹುಮ್ಮಸ್ಸಿಗೆ ಕಾರಣವಿದೆ. ಮಹಾರಾಷ್ಟ್ರದ ಗಡಿಗೆ ಅಂಟಿದ ಊರು ದಡ್ಡಿ. ಕೆಳಗೆ ಹಿಡಕಲ್ ಜಲಾಶಯದ ಹಿನ್ನೀರು. ಸುತ್ತ ಹುಕ್ಕೇರಿ, ಗೋಕಾಕ, ಮೂಡಲಗಿ ಎಂದು ಎತ್ತ ಹೋದರೂ ಕಬ್ಬು. ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಹುಣಶ್ಯಾಳ ಎಲ್ಲೆಲ್ಲೂ ಸಕ್ಕರೆ ಕಾರ್ಖಾನೆ. ಜೋತುಬಿದ್ದ ತಂತಿ ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ. ಇಲ್ಲವೇ ಪಕ್ಕದ ಹೊಲದವನು ಕಟಾವಾದ ಮೇಲೆ ರವದಿಗೆ ಕಡ್ಡಿ ಗೀರಿ ಮನೆಗೆ ಹೋಗಿರುತ್ತಾನೆ. ಎಲೆ ಒಣಗಿ ನಿಂತ ಕಬ್ಬಿಗೆ ಅಷ್ಟು ಸಾಕು. ಸುಟ್ಟ ಕಬ್ಬನ್ನು ಬೇಗ ಕಡಿದು ಅರೆಯದಿದ್ದರೆ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ಅತ್ತ ಮೇವಿನ ಬಣವಿಗೆ ಹತ್ತಿದರೆ ದನಗಳ ವರ್ಷದ ಊಟವೇ ಹೋಯಿತು. 101ಕ್ಕೋ 112ಕ್ಕೋ ಫೋನು ಮಾಡಿ ಸರಕಾರಿ ಗಾಡಿ ಬರುವ ತನಕ ಊರವರೇ ಬೇವಿನ ಟೊಂಗೆ, ಕೊಡ, ಔಷಧಿ ಹೊಡೆಯುವ ಪಂಪು ಹಿಡಿದು ಓಡುತ್ತಾರೆ. ಸ್ವಯಂಸೇವಾ ಅಗ್ನಿದಳ ಎಂಬ ಬೋರ್ಡು ಇಲ್ಲದಿದ್ದರೂ ಕೆಲಸ ಅದೇ. ಚಿಲಿ ದೇಶದಲ್ಲಿ 1851ರಲ್ಲಿ ವಾಲ್ಪರೈಸೊ ಬಂದರಿನಲ್ಲಿ ಶುರುವಾದ ಅಗ್ನಿದಳ ಇವತ್ತಿಗೂ ಸಂಬಳವಿಲ್ಲದವರದ್ದು. ಜರ್ಮನಿಯ ಹಳ್ಳಿಗಳಲ್ಲೂ ಹಾಗೆಯೇ. ಅವರ ಬಳಿ ಇರುವುದು, ನಮ್ಮವರ ಬಳಿ ಇಲ್ಲದ್ದು ಎಂದರೆ ಸರಿಯಾದ ಸಾಮಾನು. ಧೈರ್ಯಕ್ಕೆ ನಮ್ಮಲ್ಲಿ ಕೊರತೆಯಿಲ್ಲ.

ಸಾಮಾನು ಆರಿಸುವಾಗ ತುದಿಯಿಂದ ಹಿಂದಕ್ಕೆ ಬರಬೇಕು. ಮೊದಲು ನಾಜಲ್, ಆಮೇಲೆ ಪೈಪು, ಕಟ್ಟಕಡೆಗೆ ಪಂಪು. ಅಂಗಡಿಯವನು ಇದನ್ನು ತಲೆಕೆಳಗು ಮಾಡಿಯೇ ಮಾರುತ್ತಾನೆ. ಹೆಚ್ಚು ಬೆಲೆಯದು ಪಂಪೇ ತಾನೆ.

ನಾಜಲ್‌ನಿಂದ ಯಾಕೆ ಶುರು ಎಂದರೆ, ನಿಮ್ಮ ಹತ್ತಿರ ಇರುವುದು ಒಂದು ಟ್ಯಾಂಕರ್ ನೀರು. ಐದು ಸಾವಿರ ಲೀಟರ್ ಎನ್ನೋಣ. ನಾಜಲ್‌ನ ತೂತು 20 ಮಿಲಿಮೀಟರ್ ಇದ್ದು ಮೂರೂವರೆ ಬಾರ್ ಪ್ರೆಷರ್ ಕೊಟ್ಟರೆ ನಿಮಿಷಕ್ಕೆ ಸುಮಾರು 500 ಲೀಟರ್ ಹಾರುತ್ತದೆ. ನೋಡಲು ಬಲು ಚಂದ, ಹತ್ತು ನಿಮಿಷಕ್ಕೆ ಟ್ಯಾಂಕರ್ ಖಾಲಿ. ಮೇಲಾಗಿ ಅದು ಹಿಡಿದವನನ್ನು 22 ಕಿಲೋ ಬಲದಿಂದ ಹಿಂದಕ್ಕೆ ನೂಕುತ್ತದೆ. ಒಬ್ಬನೇ ಹಿಡಿದರೆ ಹಿಡಿತ ತಪ್ಪಬಹುದು. 13 ಮಿಲಿಮೀಟರ್ ತೂತಿಗೆ ಮೂರು ಬಾರ್ ಕೊಟ್ಟರೆ ನಿಮಿಷಕ್ಕೆ 195 ಲೀಟರ್. ಅದೇ ಟ್ಯಾಂಕರ್ 25 ನಿಮಿಷ ಬಾಳುತ್ತದೆ. 8 ಮಿಲಿಮೀಟರ್ ಆದರೆ ನಿಮಿಷಕ್ಕೆ 75 ಲೀಟರ್, ಒಂದು ಗಂಟೆ ದಾಟಿ ಬರುತ್ತದೆ, ಹಿಂದಕ್ಕೆ ನೂಕುವ ಬಲ ಬರೀ ಮೂರು ಕಿಲೋ. ಸುಡುವ ಮನೆಗೆ, ಗುಡಿಸಲಿಗೆ 13 ಬೇಕು. ಕಬ್ಬಿನ ಅಂಚಿಗೆ, ರವದಿಗೆ 8 ಧಾರಾಳ. ನೀರನ್ನು ಕೊಡೆಯಂತೆ ಅರಳಿಸುವ, ಬೇಕಾದಾಗ ಬಂದ್ ಮಾಡುವ ನಾಜಲ್ ಸಿಕ್ಕರೆ ಹೆಚ್ಚು ದುಡ್ಡು ಕೊಟ್ಟಾದರೂ ತನ್ನಿ. ಹೊಗೆಯಲ್ಲಿ ನಿಂತು "ಪಂಪ್ ಬಂದ್ ಮಾಡೋ" ಎಂದು ಹಿಂದಿನವನಿಗೆ ಕೂಗುತ್ತಿರುವಷ್ಟು ಹೊತ್ತೂ ನೀರು ಸುಮ್ಮನೆ ಹರಿಯುತ್ತಿರುತ್ತದೆ.

ಈಗ ಪೈಪು. ನನಗೆ ಎಲ್ಲಕ್ಕಿಂತ ರುಚಿಯ ವಿಷಯ ಇದು.

ಪೈಪಿನೊಳಗೆ ಹರಿಯುವ ನೀರು ಗೋಡೆಗೆ ಉಜ್ಜಿ ಪ್ರೆಷರ್ ಕಳೆದುಕೊಳ್ಳುತ್ತದೆ. ನೀರು ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಪೈಪಿನ ಅಗಲ ಕಡಿಮೆಯಾದರೆ ಗತಿ ಇನ್ನೂ ಕೆಟ್ಟದ್ದು: ಅಗಲ ಅರ್ಧವಾದರೆ ನಷ್ಟ 32 ಪಟ್ಟು. ಅಗ್ನಿಶಾಮಕದವರು ಬಳಸುವ 63 ಮಿಲಿಮೀಟರ್ ಪೈಪನ್ನು ಬಿಟ್ಟು 38ರದ್ದು ಹಾಕಿದರೆ ಅಷ್ಟೇ ನೀರಿಗೆ ಸುಮಾರು ಹನ್ನೆರಡು ಪಟ್ಟು ಹೆಚ್ಚು ಪ್ರೆಷರ್ ದಾರಿಯಲ್ಲೇ ಹೋಗುತ್ತದೆ. ನಿಮಿಷಕ್ಕೆ 200 ಲೀಟರ್ ನೀರು 120 ಮೀಟರ್ ದೂರ ಹೋಗಬೇಕು ಎನ್ನಿ. ಹೊಲದ ಬದುವಿನಿಂದ ಬೆಂಕಿಯ ಅಂಚಿಗೆ ಅಷ್ಟು ದೂರ ಏನೂ ಹೆಚ್ಚಲ್ಲ. 38ರ ಪೈಪಿನಲ್ಲಿ ಹೆಚ್ಚುಕಡಿಮೆ ಎರಡು ಬಾರ್ ಕರಗುತ್ತದೆ. 63ರಲ್ಲಿ ಒಂದು ಬಾರಿನ ಐದನೇ ಒಂದು ಭಾಗವೂ ಇಲ್ಲ. ಸಣ್ಣ ಪೈಪು ತಂದು ಆ ನಷ್ಟ ತುಂಬಲು ದೊಡ್ಡ ಪಂಪು ತರುವುದು, ಜೀವಮಾನವಿಡೀ ಅದಕ್ಕೆ ಎಣ್ಣೆ ಸುರಿಯುವುದು, ಇದು ನಮ್ಮಲ್ಲಿ ನಡೆದೇ ಇದೆ.

ಹಾಗಾದರೆ ಎಲ್ಲವೂ 63 ಇರಲಿ ಅನ್ನಬೇಡಿ. 30 ಮೀಟರಿನ ಒಂದು 63ರ ಪೈಪು ತುಂಬಿದರೆ ಒಳಗೆ 93 ಲೀಟರ್ ನೀರು, ಅಂದರೆ 93 ಕಿಲೋ. ಕಬ್ಬಿನ ಕೂಳೆ ಎದ್ದ ಹೊಲದಲ್ಲಿ ಅದನ್ನು ಎಳೆದುಕೊಂಡು ಓಡಾಡಿ ನೋಡಿ. ಆದ್ದರಿಂದ ಗಾಡಿಯಿಂದ ಬೆಂಕಿಯ ಹತ್ತಿರದವರೆಗೆ 63, ಅಲ್ಲೊಂದು ಕವಲು ಕಪ್ಲಿಂಗ್, ಅದರಾಚೆ 38ರ ಒಂದೋ ಎರಡೋ 15 ಮೀಟರಿನ ತುಂಡು. 38ರ ಆ ತುಂಡಿನಲ್ಲಿ ಬರೀ 17 ಲೀಟರ್ ನೀರು. ಹದಿನೆಂಟರ ಹುಡುಗನೂ ಎಳೆದಾಡುತ್ತಾನೆ. ನಷ್ಟವೂ ಕೊನೆಯ ಮಾರಿಗಷ್ಟೇ.

ಉದ್ದದ ಲೆಕ್ಕಕ್ಕೆ ಒಂದು ಕತೆಯಿದೆ. ಆಮ್‌ಸ್ಟರ್‌ಡಾಮಿನಲ್ಲಿ ಊರಿನ ಚಿತ್ರ ಬರೆಯುತ್ತಿದ್ದ ಯಾನ್ ವಾನ್ ಡೆರ್ ಹೈಡನ್ ಎಂಬ ಕಲಾವಿದ 1670ರ ದಶಕದ ಆರಂಭದಲ್ಲಿ ಸಹೋದರನ ಜೊತೆ ಸೇರಿ ಚರ್ಮ ಹೊಲಿದು ಬೆಂಕಿ ಆರಿಸುವ ಪೈಪು ಮಾಡಿದ. ಐವತ್ತು ಅಡಿಗೊಂದು ತುಂಡು, ನಡುವೆ ಹಿತ್ತಾಳೆಯ ಜೋಡಣೆ. ಇವತ್ತು ನಮ್ಮ ಅಂಗಡಿಯಲ್ಲಿ ಸಿಗುವ 15 ಮೀಟರ್ ತುಂಡೂ ಅದೇ ಐವತ್ತು ಅಡಿ. ಆ ಮನುಷ್ಯನ ಚಿತ್ರಗಳಲ್ಲಿ ಇಟ್ಟಿಗೆಗಳನ್ನು ಒಂದೊಂದಾಗಿ ಎಣಿಸಬಹುದು. ಪೈಪಿನ ಹೊಲಿಗೆಯೂ ಹಾಗೆಯೇ ಇದ್ದಿರಬೇಕು ಎಂದು ನನ್ನ ಊಹೆ.

ಪೈಪಿನ ಬಟ್ಟೆ ಯಾವುದು? ಹೊಲಕ್ಕೆ ನೀರು ಹಾಯಿಸುವ ಚಪ್ಪಟೆ ಪ್ಲಾಸ್ಟಿಕ್ ಪೈಪನ್ನು ಮುಟ್ಟಲೇಬೇಡಿ. ಒಂದು ಕೆಂಡ ಬಿದ್ದರೆ ತೂತು. ಒಳಗೆ ರಬ್ಬರ್ ಹಾಕಿ ನೇಯ್ದ ಆರ್‌ಆರ್‌ಎಲ್ ಪೈಪು ಐಎಸ್ 636 ಗುರುತಿನದು ಇರಲಿ. ಆದರೆ ಬೆಂಕಿಗೆ ತಾಗಿದ ಕೊನೆಯ ತುಂಡಿಗೆ ನನ್ನ ಆಯ್ಕೆ ಬೇರೆ. ಹೊರಮೈಗೆ ಸಣ್ಣಗೆ ನೀರು ಜಿನುಗಿಸುವ ಪೈಪು ಒಂದಿದೆ, ಐಎಸ್ 8423. ಅದರ ಮೈ ಸದಾ ಒದ್ದೆ, ಹೊಗೆಯಾಡುವ ರವದಿಯ ಮೇಲೆ ಹಾಸಿದರೂ ಬೇಗ ಸುಡುವುದಿಲ್ಲ. ಕಾಡಿನ ಬೆಂಕಿಗೆ ಹೋಗುವವರು ಇಂಥದನ್ನು ಮೆಚ್ಚುವುದು ಇದಕ್ಕೇ. "ಸೋರೂ ಪೈಪ್ ಯಾಕ್ರಿ?" ಎಂದು ಮೂಗು ಮುರಿಯುವವರು ರಬ್ಬರ್ ಪೈಪು ಕೆಂಡದ ಮೇಲೆ ಹಾಸಿ ಒಮ್ಮೆ ನೋಡಲಿ.

ಕಪ್ಲಿಂಗ್ ವಿಷಯದಲ್ಲಿ ಮಾತ್ರ ನನ್ನದು ಹಠ. ಸರಕಾರಿ ಗಾಡಿಯಲ್ಲಿರುವುದು 63ರ ಇನ್‌ಸ್ಟಂಟೇನಿಯಸ್ ಕಪ್ಲಿಂಗ್, ಗಂಡನ್ನು ಹೆಣ್ಣಿಗೆ ಒತ್ತಿದರೆ ಚಟಕ್ಕೆಂದು ಕೂರುವಂಥದ್ದು. ನಿಮ್ಮದೂ ಅದೇ ಇರಬೇಕು. ಅಗ್ನಿಶಾಮಕದ ಗಾಡಿ ಬಂದಾಗ ನೀವು ಹಾಸಿದ ಪೈಪಿಗೆ ಅವರು, ಅವರ ಪೈಪಿಗೆ ನೀವು ಸೇರಿಕೊಳ್ಳುವಂತಿದ್ದರೆ ಆಗ ನೀವು ದಳ. ಇಲ್ಲದಿದ್ದರೆ ದಾರಿಗೆ ಅಡ್ಡ ನಿಂತ ಇನ್ನೊಂದು ಟ್ರ್ಯಾಕ್ಟರ್. ಕೃಷಿ ಸಾಮಾನಿನ ಅಂಗಡಿಯ ತಿರುಪಿನ ಕಪ್ಲಿಂಗ್ ಅಗ್ಗ ಸಿಗುತ್ತದೆ, ಆದರೆ ಕತ್ತಲಲ್ಲಿ ಮಣ್ಣು ಹೊಕ್ಕ ತಿರುಪನ್ನು ಕೂಡಿಸುವುದು ಆಗದ ಮಾತು. ಗನ್‌ಮೆಟಲ್ ಗಟ್ಟಿ, ಆದರೆ ಭಾರ. ಗುಜರಿಯವನ ಕಣ್ಣೂ ಅದರ ಮೇಲೆಯೇ. ಊರಿಗೆ ಅಲ್ಯುಮಿನಿಯಂ ಮಿಶ್ರದ್ದು ಸಾಕು.

ಇನ್ನು ನೀರು ಹೀರುವ ಕಡೆ. ಹಿಡಕಲ್ ಅಣೆಕಟ್ಟು ಅರ್ಧ ಶತಕ ಟಿಎಂಸಿ ನೀರು ಹಿಡಿಯುತ್ತದೆ ಎಂದು ದಡ್ಡಿಯವರು ಹೆಮ್ಮೆಯಿಂದ ಹೇಳಬಹುದು. ಆದರೆ ಬೆಂಕಿ ಬೀಳುವುದು ಬೇಸಿಗೆಯಲ್ಲಿ. ಆಗ ಹಿನ್ನೀರು ಸರಿದು ದಂಡೆಗೂ ನೀರಿಗೂ ನಡುವೆ ಬಿರಿದ ಕಪ್ಪು ಮಣ್ಣು, ಅದರಾಚೆ ಕೆಸರು. ಟ್ಯಾಂಕರ್ ಅಲ್ಲಿಗೆ ಇಳಿದರೆ ಇನ್ನೊಂದು ಟ್ರ್ಯಾಕ್ಟರ್ ಕರೆಯಬೇಕು. ಅದಕ್ಕೇ ದಡ್ಡಿ ಕಡೆಯ ಗಾಡಿಗೆ ಚಾಸಿಗೆ ಕೂರಿಸಿದ ಪಂಪು ಬೇಡ ಎನ್ನುತ್ತೇನೆ. ಇಬ್ಬರು ಎತ್ತಿಕೊಂಡು ಹೋಗಿ ನೀರಿನ ಅಂಚಿನಲ್ಲಿ ಇಡುವಂಥ ಪಂಪು ಬೇಕು. ಪಂಪು ನೀರನ್ನು ಎಳೆಯುವುದಿಲ್ಲ, ಗಾಳಿಯ ಭಾರ ನೀರನ್ನು ಒಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಭಾರ ಎತ್ತುವುದು ಹತ್ತು ಮೀಟರಿಗಿಂತ ತುಸು ಹೆಚ್ಚು. ಜಲಾಶಯ ತುಂಬಿದಾಗಿನ ಮಟ್ಟವೇ 2175 ಅಡಿ, ಅಂದರೆ 663 ಮೀಟರ್. ಆ ಎತ್ತರದಲ್ಲಿ ಅದು ಒಂಬತ್ತೂವರೆಗೆ ಇಳಿಯುತ್ತದೆ. ಡಬ್ಬಿಯ ಮೇಲೆ ಎಂಟು ಮೀಟರ್ ಎಂದು ಅಚ್ಚು ಹಾಕಿದ್ದರೂ ಆರಕ್ಕಿಂತ ಹೆಚ್ಚು ನಂಬಬೇಡಿ. ಮೂರು ನಾಲ್ಕಾದರೆ ಪಂಪು ನೆಮ್ಮದಿಯಿಂದ ಓಡುತ್ತದೆ. ಸಕ್ಷನ್ ಪೈಪು ಒಳಗೆ ತಂತಿ ಸುತ್ತಿದ ಗಟ್ಟಿಯದು, ತುದಿಗೆ ಫುಟ್‌ವಾಲ್ವ್, ಅದರ ಸುತ್ತ ಜಾಳಿಗೆ. ಹಿಂದಿನ ಅಗ್ನಿಶಾಮಕದವರು ಇದಕ್ಕೆ ಬೆತ್ತದ ಬುಟ್ಟಿಯನ್ನೇ ಕಟ್ಟುತ್ತಿದ್ದರು. ನಮ್ಮ ಬುಟ್ಟಿ ಹೆಣೆಯುವವರಿಗೆ ಅಳತೆ ಕೊಟ್ಟರೆ ಅಂಗಡಿಯದಕ್ಕಿಂತ ಚಲೋ ಮಾಡಿಕೊಡುತ್ತಾರೆ, ಕೆಸರಿನಲ್ಲಿ ಹೂಳದ ಅಗಲವಾದದ್ದು.

ಈಗ ಪಂಪಿಗೆ ಬರೋಣ. ಎರಡಿಂಚಿನ ಸಾಮಾನ್ಯ ಪೆಟ್ರೋಲ್ ಪಂಪಿನ ಮೇಲೆ ನಿಮಿಷಕ್ಕೆ ಆರುನೂರು ಲೀಟರ್, ಹೆಡ್, ಅಂದರೆ ನೀರು ಏರಿಸುವ ಎತ್ತರ, ಮೂವತ್ತು ಮೀಟರ್ ಎಂದು ಬರೆದಿರುತ್ತದೆ. ಎರಡೂ ನಿಜ, ಒಂದೇ ಹೊತ್ತಿಗೆ ಮಾತ್ರ ಅಲ್ಲ. ಆರುನೂರು ಬರುವಾಗ ಪ್ರೆಷರ್ ಇರುವುದಿಲ್ಲ, ಮೂವತ್ತು ಮೀಟರ್ ಮುಟ್ಟಿದಾಗ ನೀರು ಇರುವುದಿಲ್ಲ. ಹತ್ತು ಮೀಟರ್ ಹೆಡ್ ಎಂದರೆ ಒಂದು ಬಾರ್ ಎಂದು ಲೆಕ್ಕ ಇಟ್ಟುಕೊಳ್ಳಿ. ನಮ್ಮ ನಾಜಲ್‌ಗೇ ಮೂರು ಬಾರ್ ಬೇಕು, ಪೈಪಿನ ನಷ್ಟ, ಏರು ಸೇರಿಸಿದರೆ ಐದರ ಹತ್ತಿರ. ಅಂದರೆ 50 ಮೀಟರ್. ಗೋಕಾಕ ಫಾಲ್ಸ್‌ನ ಎತ್ತರ ಸುಮಾರು 52 ಮೀಟರ್. 1887ರಲ್ಲಿ ಅಲ್ಲಿಯ ಗಿರಣಿಯ ಯಂತ್ರ ತಿರುಗಿಸಿದ್ದು ಆ ಬೀಳುವ ನೀರಿನಿಂದಲೇ. ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ನಿಮ್ಮ ಪಂಪು ನೀರನ್ನು ವಾಪಸ್ಸು ಹತ್ತಿಸಬೇಕು, ಅದೂ ನಿಮಿಷಕ್ಕೆ ಇನ್ನೂರು ಲೀಟರ್ ಬಿಡುತ್ತಾ. ಆದ್ದರಿಂದ ನೀರಿನ ಅಂಕಿ ಕಡಿಮೆಯಾದರೂ ಹೆಡ್ ಹೆಚ್ಚಿರುವ ಹೈ ಪ್ರೆಷರ್ ಪಂಪು ಹುಡುಕಿ, ಎಷ್ಟು ಹೆಡ್ಡಿಗೆ ಎಷ್ಟು ನೀರು ಎಂದು ತೋರಿಸುವ ಕರ್ವ್ ಅನ್ನು ಅಂಗಡಿಯವನಿಂದ ಕೇಳಿ ನೋಡಿ. ದುಡ್ಡಿಗೆ ತೊಂದರೆಯಿಲ್ಲ ಎಂದರೆ ಬೆಂಕಿಗೆಂದೇ ಮಾಡುವ 275 ಲೀಟರಿನ ಪೋರ್ಟೆಬಲ್ ಸೆಟ್ ಇದೆ, ಐಎಸ್ 942. 1800 ಲೀಟರಿನ ಪಂಪು ಪೇಟೆಯ ದಳಕ್ಕೆ ಸರಿ. ಊರ ಟ್ಯಾಂಕರಿಗೆ ಅದನ್ನು ಹಚ್ಚಿದರೆ ಮೂರು ನಿಮಿಷ ಆಗುವಷ್ಟರಲ್ಲಿ ನೀರು ಮುಗಿದಿರುತ್ತದೆ.

ದ್ರಾಕ್ಷಿ, ದಾಳಿಂಬೆಗೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪು ಮನೆಯಲ್ಲಿದ್ದರೆ ಅದನ್ನೂ ಗಾಡಿಗೆ ಹಾಕಿಕೊಳ್ಳಿ. ನೀರು ಕಡಿಮೆ, ಪ್ರೆಷರ್ ಬಲು ಹೆಚ್ಚು, ಮಂಜಿನಂತೆ ಹೊಡೆಯುತ್ತದೆ. ಬೆಂಕಿ ದಾಟಿ ಹೋದ ಮೇಲೆ ಅಂಚಿನ ಕಿಡಿಗಳನ್ನು ಆರಿಸುವುದಕ್ಕೆ ಇದಕ್ಕಿಂತ ಉತ್ತಮ ಇಲ್ಲ. ಬಣವಿಯ ಒಳಗೆ ಹೊಕ್ಕು ಕೂತ ಬೆಂಕಿಗೆ ಮಾತ್ರ ಬಣವಿ ಹರವಿಯೇ ನೀರು ಹಾಕಬೇಕು. ನೀರಿಗೆ ತುಸು ಬಟ್ಟೆಸೋಪಿನ ಪುಡಿ ಕಲಸಿದರೆ ಕಣಕಿಯೊಳಗೆ ಬೇಗ ಇಳಿಯುತ್ತದೆ.

ಆಳೆತ್ತರ ಮೀರಿದ ಕಬ್ಬು ಗಾಳಿಗೆ ಹತ್ತಿ ಉರಿಯುತ್ತಾ ಬರುವಾಗ ಎದುರಿಗೆ ಪೈಪು ಹಿಡಿದು ನಿಲ್ಲುವುದು ಶೌರ್ಯವಲ್ಲ. ಸುಟ್ಟ ಕಡೆಯಿಂದ, ಮಗ್ಗುಲಿನಿಂದ ಹೊಡೆಯಬೇಕು, ಮುಂದೆ ಒಂದು ಪಟ್ಟಿ ಕಡಿದು ಖಾಲಿ ಮಾಡಬೇಕು. ತಂತಿ ಹರಿದು ಬಿದ್ದಿದ್ದರಂತೂ ಕರೆಂಟು ತೆಗೆಸುವ ತನಕ ನೀರಿನ ಮಾತೇ ಬೇಡ. ಹುಕ್ಕೇರಿ ತಾಲೂಕಿನಲ್ಲಿ ಕರೆಂಟು ಹಂಚುವುದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಊರವರೇ ಅದರ ಸದಸ್ಯರು. ಲೈನ್‌ಮನ್ನನ ನಂಬರು ಟ್ಯಾಂಕರಿನ ಮೈಮೇಲೆ ಬಣ್ಣದಲ್ಲಿ ಬರೆಸಿ.

ತಂದ ಸಾಮಾನು ಕೆಡುವುದು ಬೆಂಕಿಯಲ್ಲಲ್ಲ, ಮೂಲೆಯಲ್ಲಿ. ಒದ್ದೆ ಪೈಪನ್ನು ಸುತ್ತಿ ಇಟ್ಟರೆ ಮಡಿಕೆಯಲ್ಲೇ ಕೊಳೆಯುತ್ತದೆ. ನೆರಳಲ್ಲಿ ಇಳಿಬಿಟ್ಟು ಒಣಗಿಸಿ, ಪ್ರತಿ ಸಲ ಬೇರೆ ಕಡೆ ಮಡಿಕೆ ಬರುವಂತೆ ಸುತ್ತಬೇಕು. ಪಂಪನ್ನು ತಿಂಗಳಿಗೊಮ್ಮೆ ಓಡಿಸಿ ಎಂದರೆ ಯಾರಿಗೂ ನೆನಪಿರುವುದಿಲ್ಲ. ಅಮಾವಾಸ್ಯೆಗೆ ಹೇಗೂ ಟ್ರ್ಯಾಕ್ಟರ್ ತೊಳೆದು ನಿಂಬೆಹಣ್ಣು ಕಟ್ಟುತ್ತೀರಿ. ಅವತ್ತೇ ಪಂಪಿಗೆ ನೀರು ತುಂಬಿ ಹತ್ತು ನಿಮಿಷ ಓಡಿಸಿ. ಆಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರ್ ಬರಿದಾಗಿ ತಾನೇ ನಿಲ್ಲುವ ತನಕ ಬಿಡಿ. ಹೆಣ್ಣು ಕಪ್ಲಿಂಗ್‌ನೊಳಗೆ ಬೆರಳು ಹಾಕಿ ರಬ್ಬರ್ ವಾಷರ್ ಮುಟ್ಟಿ ನೋಡಿ, ಗಟ್ಟಿಯಾಗಿದ್ದರೆ ಕಿತ್ತು ಹೊಸದು ಹಾಕಿ. ಬಿಡಿ ವಾಷರ್ ಒಂದು ಡಜನ್ ಡ್ರೈವರ್ ಸೀಟಿನ ಕೆಳಗೇ ಇರಲಿ.